ಕೇಳುವವರ ಮಾತು, ತಿಳಿದವರ ಕ್ರಮ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ಓದಿದವರನ್ನು ಯಾರನ್ನಾದರೂ ಕೇಳಿ, ಅದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋದವರ ಕತೆ ಎನ್ನುತ್ತಾರೆ. ಇನ್ನೊಬ್ಬರು ಜೇನಿನ ಮಂದಣ್ಣನ ಕತೆ ಎಂದಾರು, ಮತ್ತೊಬ್ಬರು ಜೀವವಿಕಾಸದ ಕತೆ ಎಂದಾರು. ಶಾಲೆಯ ಗ್ರಂಥಾಲಯದ ಸೂಚಿಯಲ್ಲಿ ಮಾತ್ರ ಅದರ ಹೆಸರಿನ ಮುಂದೆ ಸಾಮಾನ್ಯವಾಗಿ ಇರುವುದು ಇಷ್ಟೇ: ಲೇಖಕರು, ಪ್ರಕಾಶಕರು, ಪುಟಸಂಖ್ಯೆ, ಬೆಲೆ, ‘ಕನ್ನಡ ಕಾದಂಬರಿ’ ಎಂಬ ಎರಡು ಪದ, ಜೊತೆಗೆ 894.814 ಎಂದು ಶುರುವಾಗುವ ಒಂದು ಸಂಖ್ಯೆ. ಏಳನೇ ತರಗತಿಯ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತು ‘ಹಾರುವ ಓತಿ’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಸೊನ್ನೆ ಬರುತ್ತದೆ. ಪುಸ್ತಕ ಅವಳಿಂದ ಹತ್ತು ಅಡಿ ದೂರದ ಬೀರುವಿನಲ್ಲೇ ಇರುತ್ತದೆ. ತಪ್ಪು ಅವಳದೇ ಎನ್ನುವವರಿದ್ದಾರೆ. ಕಾದಂಬರಿಯ ಹೆಸರು ಗೊತ್ತಿರಬೇಕಿತ್ತು, ಹೋಗಲಿ ಬರೆದವರ ಹೆಸರಾದರೂ ಗೊತ್ತಿರಬೇಕಿತ್ತು ಎನ್ನುತ್ತಾರೆ. ಅಷ್ಟು ಗೊತ್ತಿದ್ದರೆ ಅವಳು ಸೂಚಿಯ ಹತ್ತಿರ ಯಾಕೆ ಬರುತ್ತಿದ್ದಳು?

ಮೇಲ್ನೋಟಕ್ಕೆ ಇದು ತಂತ್ರಾಂಶದ ತಾಪತ್ರಯ. ಒಳಗಿರುವುದು ಬಹಳ ಹಳೆಯ ತಾತ್ವಿಕ ಪ್ರಶ್ನೆ. ಜ್ಞಾನದ ಬಾಗಿಲಲ್ಲಿ ಯಾರ ಮಾತು ನಡೆಯಬೇಕು, ತಿಳಿದವರು ಮಾಡಿಟ್ಟ ಕ್ರಮದ್ದೋ ಅಥವಾ ತಿಳಿಯಲು ಬಂದವರ ಕೇಳ್ವಿಯದೋ? ಗುರುಕುಲದಲ್ಲಿ, ಮಠದಲ್ಲಿ, ಬಸದಿಯಲ್ಲಿ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬಂದಿದೆ. ಇವತ್ತು ಅದು ಶಾಲೆಯ ಗ್ರಂಥಾಲಯದ ಹುಡುಕು ಪೆಟ್ಟಿಗೆಯಲ್ಲಿ ಬಂದು ಕೂತಿದೆ. ಕೇಳುವವರ ಮಾತೇ ಮೊದಲು, ತಿಳಿದವರ ಕ್ರಮ ಆಮೇಲೆ ಎಂಬುದು ನನ್ನ ವಾದ. ಇದು ಮಕ್ಕಳ ಮೇಲಿನ ಮಮತೆಯಿಂದ ಆಡುವ ಮಾತಲ್ಲ. ಜ್ಞಾನದ ಸ್ವರೂಪವೇ ಹಾಗಿದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ಮೊದಲು ತಿಳಿದವರ ಕ್ರಮವನ್ನೇ ನೋಡೋಣ. ನಮ್ಮ ಅನೇಕ ಶಾಲಾ ಕಾಲೇಜುಗಳು ಬಳಸುವ ದಶಮಾಂಶ ವರ್ಗೀಕರಣವನ್ನು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ. ಜಗತ್ತಿನ ತಿಳಿವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಹತ್ತಾಗಿ ಒಡೆಯುತ್ತ ಹೋಗುವ ಈ ಉಪಾಯ ಬಹಳ ಜಾಣತನದ್ದು, ಅದನ್ನು ಹಳಿದು ಪ್ರಯೋಜನವಿಲ್ಲ. ಆದರೆ ಅದರೊಳಗೆ ಒಬ್ಬ ಮನುಷ್ಯ ನಿಂತ ಜಾಗ ಎದ್ದು ಕಾಣುತ್ತದೆ. ಧರ್ಮಕ್ಕೆಂದು ಕೊಟ್ಟ 200ರ ಹತ್ತು ವಿಭಾಗಗಳಲ್ಲಿ 220ರಿಂದ 280ರವರೆಗಿನ ಏಳು ಬೈಬಲ್ಲಿಗೆ ಮತ್ತು ಕ್ರೈಸ್ತ ಧರ್ಮಕ್ಕೆ ಹೋದವು. ಉಳಿದ ಲೋಕದ ಧರ್ಮಗಳೆಲ್ಲ 290ರ ಒಂದೇ ಕೋಣೆಯಲ್ಲಿ ತೆಕ್ಕೆಬಿದ್ದವು: ಜೈನ ಧರ್ಮ 294.4, ಹಿಂದೂ ಧರ್ಮ 294.5, ಇಸ್ಲಾಂ 297. ಸಾಹಿತ್ಯದಲ್ಲೂ ಅದೇ ಕತೆ. ಅಮೆರಿಕದ ಇಂಗ್ಲಿಷ್ ಸಾಹಿತ್ಯಕ್ಕೆ 810, ಜರ್ಮನ್‌ಗೆ 830 ಎಂಬ ಚೊಕ್ಕ ಸಂಖ್ಯೆ. ಪಂಪನಿಂದ ಇವತ್ತಿನವರೆಗಿನ ಕನ್ನಡಕ್ಕೆ ‘ಇತರ ಭಾಷೆಗಳ’ ಸಾಲಿನಲ್ಲಿ, ದಶಮಾಂಶ ಬಿಂದುವಿನ ಆಚೆ ಮೂರು ಅಂಕಿಗಳ ಬಾಲ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕಿಯಾಗಿದ್ದ ಡೊರೊತಿ ಪೋರ್ಟರ್ ಇನ್ನೂ ಕಟುವಾದದ್ದನ್ನು ಕಂಡರು. ಕಪ್ಪು ಜನ ಬರೆದ ಕವಿತೆಯನ್ನೂ ಚರಿತ್ರೆಯನ್ನೂ ಗ್ರಂಥಾಲಯಗಳು ವಸಾಹತು ಮತ್ತು ಗುಲಾಮಗಿರಿಗೆ ಮೀಸಲಾದ 325, 326ರ ಕೆಳಗೆ ತಳ್ಳುತ್ತಿದ್ದವು. ಆಕೆ ಅದನ್ನು ಒಪ್ಪದೆ, ಬರೆದವರನ್ನೂ ಬರಹದ ಬಗೆಯನ್ನೂ ನೋಡಿ ಪುಸ್ತಕಗಳನ್ನು ಹೊಸದಾಗಿ ಜೋಡಿಸಿದರು. ತಿಳಿದವರ ಕ್ರಮ ಲೋಕದ ಕ್ರಮವಲ್ಲ, ಲೋಕವನ್ನು ಒಂದು ಕಡೆಯಿಂದ ನೋಡಿದವರ ಕ್ರಮ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಒಂದು ಕಡೆಯಿಂದ ನೋಡುವುದು ತಪ್ಪೇ ಎಂದು ಕೇಳಬಹುದು. ಕಪಾಟಿಗೆ ಅದು ಅನಿವಾರ್ಯ. ಪುಸ್ತಕಕ್ಕೆ ದೇಹವಿದೆ, ಅದು ಒಂದು ಹೊತ್ತಿಗೆ ಒಂದೇ ಜಾಗದಲ್ಲಿ ಇರಬಲ್ಲದು. ಬಸವಣ್ಣನವರ ವಚನಗಳ ಸಂಪುಟವನ್ನು ಕಾವ್ಯದ ಸಾಲಿನಲ್ಲಿ ಇಟ್ಟರೆ ಧರ್ಮದ ಸಾಲಿನಲ್ಲಿ ಅದು ಇಲ್ಲ. ಧರ್ಮದಲ್ಲಿ ಇಟ್ಟರೆ ಸಮಾಜ ಸುಧಾರಣೆಯ ಬಗ್ಗೆ ಓದಲು ಬಂದವನಿಗೆ ಅದು ಇಲ್ಲ. ಪಂಪನ ‘ಆದಿಪುರಾಣ’ಕ್ಕೂ ಇದೇ ಪಾಡು, ಜೈನರಿಗೆ ಅದು ಪುರಾಣ, ಸಾಹಿತ್ಯದ ವಿದ್ಯಾರ್ಥಿಗೆ ಮಹಾಕಾವ್ಯ. ವಸ್ತುವಿಗೆ ಅನಂತ ಗುಣಧರ್ಮಗಳಿವೆ, ಒಂದು ನಯದಿಂದ, ಅಂದರೆ ಒಂದು ದೃಷ್ಟಿಯಿಂದ, ಹೇಳಿದ್ದು ಆ ನಯದ ಮಟ್ಟಿಗೆ ಮಾತ್ರ ನಿಜ ಎಂದು ಜೈನರ ಅನೇಕಾಂತವಾದ ಹೇಳುತ್ತದೆ. ಕಪಾಟಿಗೆ ಏಕಾಂತವಲ್ಲದೆ, ಅಂದರೆ ಒಂದೇ ನಯವಲ್ಲದೆ, ಗತ್ಯಂತರವಿಲ್ಲ. ಸೂಚಿಗೆ ಆ ಬಂಧನವಿಲ್ಲ. ಪುಸ್ತಕ ಒಂದೇ ಕಡೆ ಇದ್ದರೂ ಅದರ ಹೆಸರು ನೂರು ಕಡೆ ಇರಬಹುದು. ಕಪಾಟಿನ ಮಿತಿಯನ್ನು ಮೀರುವುದು ಸೂಚಿಯ ಕೆಲಸ. ಹೀಗಿರುವಾಗ ಕಪಾಟಿನ ಸಂಖ್ಯೆಯನ್ನೇ ಮತ್ತೊಮ್ಮೆ ನಕಲು ಮಾಡಿ ಸೂಚಿ ಎಂದು ಕರೆದರೆ, ಅನೇಕಾಂತದ ಅವಕಾಶವಿದ್ದ ಒಂದೇ ಜಾಗದಲ್ಲೂ ಏಕಾಂತವನ್ನು ಸ್ಥಾಪಿಸಿದಂತಾಯಿತು.

ಹಾಗೆ ಆದದ್ದಕ್ಕೆ ಒಂದು ಲೌಕಿಕ ಕಾರಣವಿದೆ, ಅದು ತತ್ವದ್ದಲ್ಲ, ಕಾಗದದ್ದು. ಮೂರು ಇಂಚು ಅಗಲ, ಐದು ಇಂಚು ಉದ್ದದ ಕಾರ್ಡುಗಳ ಕಾಲದಲ್ಲಿ ಪುಸ್ತಕಕ್ಕೆ ಇನ್ನೊಂದು ವಿಷಯ ಸೇರಿಸಬೇಕೆಂದರೆ ಇನ್ನೊಂದು ಕಾರ್ಡು ಟೈಪಾಗಬೇಕು, ಅಕಾರಾದಿಯಲ್ಲಿ ಅದರ ಜಾಗ ಹುಡುಕಿ ಕಂಬಿಗೆ ಪೋಣಿಸಬೇಕು. ಲೇಖಕರಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೆ ಒಂದೋ ಎರಡೋ, ಅಷ್ಟಕ್ಕೇ ಗ್ರಂಥಪಾಲಕರ ಬೆನ್ನು ಬಿದ್ದುಹೋಗುತ್ತಿತ್ತು. ಜಿಪುಣತನ ಆಗ ನ್ಯಾಯವೇ. ಈಗ ಒಂದು ದಾಖಲೆಗೆ ಹದಿನೈದು ಪದ ಸೇರಿಸಿದರೂ ಕಂಪ್ಯೂಟರಿನ ಬೆನ್ನು ಬೀಳುವುದಿಲ್ಲ. 1960ರ ದಶಕದಲ್ಲಿ ರೂಪುಗೊಂಡು ಇವತ್ತಿಗೂ ಗ್ರಂಥಾಲಯಗಳು ಬಳಸುವ ಮಾರ್ಕ್ ಎಂಬ ದಾಖಲೆಯ ನಮೂನೆಯಲ್ಲಿ, ಶೀರ್ಷಿಕೆಯನ್ನು ಜನ ಬೇರೆ ರೀತಿ ಕರೆಯುವುದಿದ್ದರೆ ಬರೆಯಲು 246ನೇ ಅಂಕಣವಿದೆ, ಯಾವ ಅಧಿಕೃತ ಪಟ್ಟಿಗೂ ಸೇರದ ಸ್ವತಂತ್ರ ಪದಗಳಿಗೆ 653ನೇ ಅಂಕಣವಿದೆ. ‘ಹಾರುವ ಓತಿ’, ‘ಜೇನು’, ‘ಪಶ್ಚಿಮ ಘಟ್ಟ’, ‘ವಿಕಾಸವಾದ’ ಎಂದು ಅಲ್ಲಿ ಬರೆಯಲು ಎರಡು ನಿಮಿಷ ಬೇಕು. ಅಂಕಣ ಖಾಲಿ ಇರುವುದು ಜಾಗವಿಲ್ಲದೆ ಅಲ್ಲ, ಅಲ್ಲಿ ಬರೆಯಬೇಕಾದದ್ದು ಓದುವವರ ಮಾತು ಎಂದು ನಾವು ಒಪ್ಪದೆ.

ಎಸ್.ಆರ್. ರಂಗನಾಥನ್ ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಬರೆದರು. ಪುಸ್ತಕ ಇರುವುದು ಬಳಕೆಗೆ, ಓದುಗನ ಹೊತ್ತು ಹಾಳಾಗಬಾರದು ಎಂಬವು ಅದರಲ್ಲಿ ಸೇರಿವೆ. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣ ಒಂದು ವಿಷಯವನ್ನು ಒಂದು ಗೂಡಿಗೆ ನೂಕುವ ಬದಲು, ಅದನ್ನು ಮುಖಗಳಾಗಿ ಬಿಡಿಸಿ ನೋಡಿತು: ಯಾವುದರ ಬಗ್ಗೆ, ಯಾವ ದ್ರವ್ಯ, ಯಾವ ಕ್ರಿಯೆ, ಎಲ್ಲಿ, ಯಾವಾಗ. ಭಾರತೀಯ ದರ್ಶನಗಳ ಪದಾರ್ಥ ವಿಚಾರವನ್ನು ಬಲ್ಲವರಿಗೆ ಈ ನಡೆ ಅಪರಿಚಿತವೆನಿಸದು. ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು, 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅಂಥವರು ಬಾಳಿದ ಊರಿನ ಶಾಲೆಗಳಲ್ಲೂ ಸೂಚಿ ಎಂದರೆ ಪುಸ್ತಕ ಬಂದ ದಿನಾಂಕದ ಪ್ರಕಾರ ಬರೆದ ದಾಸ್ತಾನು ವಹಿ ಎಂದೇ ತಿಳಿದವರಿರುವುದು ವ್ಯಂಗ್ಯ. ಆದರೂ ರಂಗನಾಥನ್ ಅವರ ದಾರಿಯಲ್ಲೂ ಒಂದು ಕೊರತೆ ಉಳಿಯಿತೆಂದು ನನಗೆ ತೋರುತ್ತದೆ. ಅವರು ಮುಖಗಳನ್ನು ಹೆಚ್ಚಿಸಿದರು, ಆದರೆ ಆ ಮುಖಗಳೆಲ್ಲ ವಿಷಯದ ಮುಖಗಳೇ. ಓದುವವನ ಮುಖ ಅವುಗಳಲ್ಲಿ ಇರಲಿಲ್ಲ.

ಆ ಮುಖ ನಮ್ಮ ಶಾಸ್ತ್ರಕಾರರಿಗೆ ಗೊತ್ತಿತ್ತು. ವೇದಾಂತದ ಪ್ರಕರಣ ಗ್ರಂಥವೊಂದನ್ನು ಶುರುಮಾಡುವಾಗ ಅನುಬಂಧ ಚತುಷ್ಟಯವನ್ನು ಹೇಳುವುದು ಪದ್ಧತಿ. ಈ ಗ್ರಂಥ ಯಾರಿಗೆ, ಇದರ ವಿಷಯ ಏನು, ಗ್ರಂಥಕ್ಕೂ ವಿಷಯಕ್ಕೂ ಏನು ಸಂಬಂಧ, ಓದಿದರೆ ಬರುವ ಪ್ರಯೋಜನವೇನು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಈ ನಾಲ್ಕರಲ್ಲಿ ಇವತ್ತಿನ ಸೂಚಿ ಹಿಡಿದಿಟ್ಟುಕೊಂಡಿರುವುದು ವಿಷಯ ಒಂದನ್ನೇ. ಪುಸ್ತಕ ಎಷ್ಟನೇ ತರಗತಿಯವರಿಗೆ ಹತ್ತೀತು, ಅಕ್ಷರ ದೊಡ್ಡದಿದೆಯೇ, ಚಿತ್ರಗಳಿವೆಯೇ, ನಗಿಸುತ್ತದೆಯೇ ಹೆದರಿಸುತ್ತದೆಯೇ, ಪ್ರಬಂಧ ಸ್ಪರ್ಧೆಗೆ ಬೇಕಾದ ಮಾಹಿತಿ ಇದೆಯೇ ಎಂಬುದೆಲ್ಲ ಅಧಿಕಾರಿ ಮತ್ತು ಪ್ರಯೋಜನಕ್ಕೆ ಸೇರಿದ್ದು. ಅದನ್ನು ಶಾಲೆಯ ಸೂಚಿ ಸಾಮಾನ್ಯವಾಗಿ ಹೇಳುವುದಿಲ್ಲ. ‘ಅಧಿಕಾರಿ’ ಎಂಬ ಕಲ್ಪನೆಗೆ ಒಂದು ಕರಾಳ ಚರಿತ್ರೆಯೂ ಇದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಹೆಂಗಸರನ್ನು, ಶೂದ್ರರನ್ನು ಓದಿನಿಂದ ಹೊರಗಿಡಲು ಅದನ್ನು ಬಳಸಿದರು. ಹನ್ನೆರಡನೇ ಶತಮಾನದ ವಚನಕಾರರು ಆ ಬಾಗಿಲನ್ನು ಮುರಿದದ್ದು ಕನ್ನಡದಲ್ಲಿ ಮಾತಾಡುವ ಮೂಲಕ, ಅಂದರೆ ಕೇಳುವವರ ಮಾತಿಗೆ ಇಳಿದು ಬರುವ ಮೂಲಕ. ಶಾಲೆಯ ಸೂಚಿಗೆ ಬೇಕಾದದ್ದು ಈ ತಿರುವಿನ ಆಚೆಗಿನ ಅಧಿಕಾರಿ. ನೀನು ಇದಕ್ಕೆ ಅರ್ಹನೇ ಎಂದು ಅದು ಮಗುವನ್ನು ಕೇಳಬಾರದು, ಈ ಪುಸ್ತಕ ನಿನಗೆ ಹೊಂದುತ್ತದೆಯೇ ಎಂದು ಪುಸ್ತಕವನ್ನು ಕೇಳಬೇಕು.

ಇದು ಆಗದ ಮಾತಲ್ಲ. ಡೆನ್ಮಾರ್ಕಿನ ಅನೆಲಿಸ್ ಮಾರ್ಕ್ ಪೆಟರ್ಸನ್ ಎಂಬ ಸಂಶೋಧಕಿ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಓದುಗರು ಗ್ರಂಥಪಾಲಕರ ಹತ್ತಿರ ಕತೆಪುಸ್ತಕ ಕೇಳುವಾಗ ನಿಜಕ್ಕೂ ಏನೇನು ಹೇಳುತ್ತಾರೆ ಎಂಬುದನ್ನು ಅಭ್ಯಾಸ ಮಾಡಿದರು. ಜನ ಕೇಳುತ್ತಿದ್ದುದು ಕತೆ ಯಾವುದರ ಬಗ್ಗೆ ಎಂಬುದಷ್ಟನ್ನೇ ಅಲ್ಲ. ಯಾವ ಕಾಲದ್ದು, ಯಾವ ಊರಿನದು, ಬರೆದವನ ಉದ್ದೇಶವೇನು, ಓದಲು ಸುಲಭವೇ ಎಂಬುದೆಲ್ಲ ಅವರ ಕೇಳ್ವಿಯಲ್ಲಿತ್ತು. ಹೆಚ್ಚುಕಡಿಮೆ ನಮ್ಮ ಅನುಬಂಧ ಚತುಷ್ಟಯವೇ! ಅದನ್ನಾಧರಿಸಿ 1980ರ ದಶಕದಲ್ಲಿ ಅವರ ತಂಡ ‘ಬುಕ್ ಹೌಸ್’ ಎಂಬ ಸೂಚಿಯನ್ನು ಕಟ್ಟಿತು. ಪರದೆಯ ಮೇಲೆ ಒಂದು ಮನೆ, ಮಕ್ಕಳಿಗೊಂದು ಕೋಣೆ, ದೊಡ್ಡವರಿಗೊಂದು ಕೋಣೆ, ಚಿತ್ರಗಳನ್ನು ಒತ್ತುತ್ತ ಹೋದರೆ ಪುಸ್ತಕಗಳು. ಮುಂದೆ 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಅಂತರರಾಷ್ಟ್ರೀಯ ಮಕ್ಕಳ ಡಿಜಿಟಲ್ ಗ್ರಂಥಾಲಯವನ್ನು ತೆರೆದಾಗ ವಿನ್ಯಾಸದ ತಂಡದಲ್ಲಿ ಮಕ್ಕಳನ್ನೇ ಕೂರಿಸಿಕೊಂಡರು. ರಟ್ಟಿನ ಬಣ್ಣದ ಮೇಲೆ ಪುಸ್ತಕ ಹುಡುಕುವ ಸೌಲಭ್ಯ ಅಲ್ಲಿ ಬಂತು. ಗ್ರಂಥಾಲಯ ವಿಜ್ಞಾನದ ಪಂಡಿತರಿಗೆ ಸಾಮಾನ್ಯವಾಗಿ ಹೊಳೆಯದ ಸಂಗತಿ ಇದು, ಆದರೆ ಹೋದ ವಾರ ನೋಡಿದ ಕೆಂಪು ರಟ್ಟಿನ ಪುಸ್ತಕ ಎಂದು ಕೇಳದ ಮಗುವಿಲ್ಲ. ದೊಡ್ಡವರೂ ಹಾಗೆ ಕೇಳುತ್ತಾರೆ, ಸ್ವಲ್ಪ ನಾಚಿಕೊಂಡು.

ಕ್ಯಾಲಿಫೋರ್ನಿಯಾದಲ್ಲಿ ಕ್ರಿಸ್ಟೀನ್ ಬೋರ್ಗ್‌ಮನ್ ಮತ್ತು ಸಂಗಡಿಗರು ಸುಮಾರು ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ವಿಜ್ಞಾನ ಪುಸ್ತಕಗಳ ಸೂಚಿಯೊಂದನ್ನು ಮಾಡಿ, ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ನೋಡಿದ್ದು ಇದಕ್ಕೂ ಮೊದಲೇ, ‘ಬುಕ್ ಹೌಸ್’ ಬಂದ ಕಾಲದ ಆಸುಪಾಸಿನಲ್ಲಿ. ಕಾಗುಣಿತ, ಕೀಲಿಮಣೆ, ಅಕಾರಾದಿ, ತಮ್ಮ ಮನಸ್ಸಿನಲ್ಲಿರುವುದಕ್ಕೆ ಸೂಚಿಯ ಪದ ಯಾವುದು ಎಂಬುದು, ಇವೇ ಅಡ್ಡಿಗಳು. ಪುಸ್ತಕದ ಕಪಾಟುಗಳ ಚಿತ್ರ ತೋರಿಸಿ ಆರಿಸಿಕೊಳ್ಳಲು ಬಿಟ್ಟಾಗ ಅದೇ ಮಕ್ಕಳು ದಾರಿ ಕಂಡುಕೊಂಡರು. ಇಂಗ್ಲಿಷಿನಲ್ಲೇ ಈ ಗತಿಯಾದರೆ ಕನ್ನಡದ ಸೂಚಿಯಲ್ಲಿ ಮಗುವಿನ ದಾರಿಗೆ ಬಿದ್ದಿರುವ ಕಲ್ಲುಗಳು ಎಷ್ಟೋ ಹೆಚ್ಚು. ಲೇಖಕರ ಹೆಸರಿನಿಂದಲೇ ಶುರುವಾಗುತ್ತದೆ ಕಷ್ಟ. ಕುವೆಂಪು ಒಂದು ದಾಖಲೆಯಲ್ಲಿ ಕುವೆಂಪು, ಇನ್ನೊಂದರಲ್ಲಿ ಪುಟ್ಟಪ್ಪ ಕೆ.ವಿ. ತರಾಸು ಒಂದು ಕಡೆ ಚುಕ್ಕಿಗಳಿಲ್ಲದೆ, ಇನ್ನೊಂದು ಕಡೆ ಚುಕ್ಕಿಗಳೊಂದಿಗೆ, ಮತ್ತೊಂದು ಕಡೆ ಸುಬ್ಬರಾವ್ ಆಗಿ ಕಾಣಿಸಿಕೊಳ್ಳುತ್ತಾರೆ. ಮನೆತನದ ಹೆಸರು ಕೊನೆಗೆ ಬರುತ್ತದೆಂಬ ಪಡುವಣದ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದ ಕಡೆ ಪಂಜೆ ಮಂಗೇಶರಾಯರು ‘ರಾವ್’ ಎಂಬುದರ ಕೆಳಗೆ ನಾಡಿನ ಇತರ ಎಲ್ಲ ರಾಯರ ಜೊತೆ ಸಾಲುಗಟ್ಟಿ ನಿಂತಿರುತ್ತಾರೆ. ಬೀಚಿಯವರ ವಿಷಯ ಕೇಳಲೇಬೇಡಿ, ಅವರು ತಮ್ಮ ಹೆಸರಿನ ಅರ್ಧವನ್ನು ಕನ್ನಡದಲ್ಲೂ ಅರ್ಧವನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದು ಮುಂದೆ ಬರಲಿದ್ದ ಕಂಪ್ಯೂಟರುಗಳನ್ನು ಆಗಲೇ ಗೇಲಿ ಮಾಡಿ ಹೋಗಿದ್ದಾರೆ. ಇದರ ಮೇಲೆ ಲಿಪಿಯ ತೊಡಕು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಪಟ್ಟಿಗಳನ್ನು ಯೂನಿಕೋಡಿಗೆ ತಿರುಗಿಸದೆ ಹಾಕಿದರೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬಿದ್ದಿರುತ್ತವೆ. ಯೂನಿಕೋಡಿನಲ್ಲೂ ‘ಕೊ’ ಎಂಬ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಕೂಡಿಡಬಹುದು, ಎತ್ವ ಮತ್ತು ಊತ್ವದ ಸಂಕೇತಗಳನ್ನು ಒಂದರ ಹಿಂದೆ ಒಂದಿಟ್ಟೂ ಕೂಡಿಡಬಹುದು. ಕಣ್ಣಿಗೆ ಎರಡೂ ಒಂದೇ. ಎರಡೂ ಒಂದೇ ಎಂದು ತಂತ್ರಾಂಶಕ್ಕೆ ಹೇಳಿಕೊಟ್ಟಿರದಿದ್ದರೆ ಹುಡುಕಾಟಕ್ಕೆ ಅವು ಬೇರೆ ಬೇರೆ. ಹಂಪೆ ಹಂಪಿಯಾದರೆ, ಕರ್ವಾಲೊ ಕರ್ವಾಲೋ ಆದರೆ ಮುಗಿಯಿತು. ತನ್ನ ಕಾಗುಣಿತ ಸರಿಯಾಗಿದ್ದೂ ಮಗು ಸೋಲುತ್ತದೆ, ಸೋಲು ತನ್ನದೆಂದೇ ತಿಳಿಯುತ್ತದೆ.

ಇಷ್ಟಾದರೂ ಕೇಳ್ವಿಯ ಒಳಗಿರುವುದು ಪದ ಮಾತ್ರವಲ್ಲ. ಛಾಂದೋಗ್ಯ ಉಪನಿಷತ್ತಿನ ಏಳನೇ ಅಧ್ಯಾಯದಲ್ಲಿ ನಾರದ ಸನತ್ಕುಮಾರನ ಹತ್ತಿರ ಬರುತ್ತಾನೆ. ನಿನಗೆ ಏನೇನು ಗೊತ್ತು ಹೇಳು, ಅದರಾಚೆಯದನ್ನು ಹೇಳುತ್ತೇನೆ ಎಂದು ಸನತ್ಕುಮಾರ ಕೇಳಿದಾಗ ನಾರದ ಉದ್ದನೆಯ ಪಟ್ಟಿ ಕೊಡುತ್ತಾನೆ: ನಾಲ್ಕು ವೇದಗಳು, ಇತಿಹಾಸ ಪುರಾಣ, ಗಣಿತ, ನಕ್ಷತ್ರವಿದ್ಯೆ, ಸರ್ಪವಿದ್ಯೆ, ಹೀಗೆ. ಆ ಕಾಲದ ವಿದ್ಯೆಗಳ ವರ್ಗೀಕರಣವೇ ಅದು. ಇಷ್ಟೆಲ್ಲ ಇದ್ದೂ ತಾನು ದುಃಖದಲ್ಲಿದ್ದೇನೆ, ಅದರಿಂದ ದಾಟಿಸು ಎನ್ನುತ್ತಾನೆ. ಪಟ್ಟಿಯಲ್ಲಿ ಇಷ್ಟೊಂದು ವಿದ್ಯೆಗಳಿದ್ದರೂ ಅವನನ್ನು ಕರೆತಂದ ಸಂಗತಿಗೆ ಅಲ್ಲಿ ಹೆಸರಿರಲಿಲ್ಲ. ಜಿಜ್ಞಾಸೆ ವಿಷಯವಾಗಿ ಹುಟ್ಟುವುದಿಲ್ಲ, ಅಳಲಾಗಿ, ಭಯವಾಗಿ, ಬೆರಗಾಗಿ ಹುಟ್ಟುತ್ತದೆ. ಮನೆಯಲ್ಲಿ ಅಜ್ಜಿ ತೀರಿಕೊಂಡ ಮಗುವಿಗೆ ಬೇಕಾದ ಪುಸ್ತಕ 128ರಲ್ಲಿದೆಯೋ 155ರಲ್ಲಿದೆಯೋ ಎಂದು ಅದಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ‘ಅಜ್ಜಿ ಸತ್ತರೆ’ ಎಂದು ಬರೆದರೆ ಸಾವಿನ ಬಗ್ಗೆ ಮಕ್ಕಳಿಗೆಂದು ಬರೆದ ಒಂದು ಕತೆಯಾದರೂ ಸಿಗಬೇಕು. ಮೊದಲು ನಿನ್ನ ಪ್ರಶ್ನೆಯನ್ನು ವಿಷಯವನ್ನಾಗಿ ಪರಿವರ್ತಿಸಿಕೊಂಡು ಬಾ ಎಂದು ಸೂಚಿ ಹೇಳಿದರೆ, ಕಲಿತ ಮೇಲೆ ಬರಬೇಕಾದದ್ದನ್ನು ಕಲಿಯುವ ಮೊದಲೇ ಕೇಳಿದಂತೆ. ಜ್ಞಾನದ ಸ್ವರೂಪ ಹಾಗಿದೆ ಎಂದು ಮೊದಲೇ ಹೇಳಿದ್ದು ಈ ಅರ್ಥದಲ್ಲಿ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಹುಡುಕಾಟವೇ ತಪಸ್ಸು, ನಮ್ಮ ಪರಂಪರೆಯಲ್ಲಿ ಗುರು ಶಿಷ್ಯನನ್ನು ಪರೀಕ್ಷಿಸದೆ ವಿದ್ಯೆ ಕೊಟ್ಟದ್ದುಂಟೇ ಎನ್ನುತ್ತಾರೆ. ಪರೀಕ್ಷೆ ಉಂಟು, ನಿಜ. ಅದು ಎಲ್ಲಿ ನಡೆಯಿತು ಎಂದು ಮಾತ್ರ ನೋಡಬೇಕು. ಕಠೋಪನಿಷತ್ತಿನ ನಚಿಕೇತ ಯಮನ ಮನೆಗೆ ಹೋದಾಗ ಯಮ ಇರಲಿಲ್ಲ. ಹುಡುಗ ಮೂರು ರಾತ್ರಿ ಊಟವಿಲ್ಲದೆ ಕಾದ. ಹಿಂತಿರುಗಿ ಬಂದ ಯಮ, ಕಾದದ್ದು ಒಳ್ಳೆಯದೇ ಆಯಿತು, ನಿನ್ನ ಶ್ರದ್ಧೆ ಗೊತ್ತಾಯಿತು ಎನ್ನಲಿಲ್ಲ. ಅತಿಥಿಯನ್ನು ಹಸಿದಿರಿಸಿದ ದೋಷ ತನ್ನ ಮನೆಯದೆಂದು ತಿಳಿದು, ನಮಸ್ಕಾರ ಮಾಡಿ, ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರ ಕೊಟ್ಟ. ಪರೀಕ್ಷೆ ಬಂದದ್ದು ಆಮೇಲೆ, ಮೂರನೆಯ ವರವಾಗಿ ಸಾವಿನ ಗುಟ್ಟನ್ನು ಕೇಳಿದಾಗ. ಆನೆ ಕುದುರೆ, ಬಂಗಾರ, ದೀರ್ಘಾಯುಷ್ಯ ಎಂದು ಆಸೆ ತೋರಿಸಿದ್ದು ಆಗ. ಬಾಗಿಲಲ್ಲಿ ಕಾಯಿಸಿದ್ದು ಮನೆಯ ತಪ್ಪು, ಒಳಗೆ ಬಂದ ಮೇಲೆ ಒಡ್ಡಿದ ಕಷ್ಟ ವಿದ್ಯೆಯ ಭಾಗ. ಈ ಎರಡನ್ನು ಕಲಸಿಬಿಡುವುದರಿಂದ ಶಾಲೆಗಳಲ್ಲಿ ಬಹಳ ಅನ್ಯಾಯ ನಡೆಯುತ್ತದೆ. ‘ಕರ್ವಾಲೊ’ ಓದಿ ವಿಕಾಸವಾದದ ಬಗ್ಗೆ ತಲೆಕೆಡಿಸಿಕೊಳ್ಳುವುದು ತಪಸ್ಸೇ. ಒತ್ವ ದೀರ್ಘವೋ ಹ್ರಸ್ವವೋ ಎಂದು ಪರದೆಯ ಮುಂದೆ ಒದ್ದಾಡುವುದರಲ್ಲಿ ಯಾವ ತಪಸ್ಸೂ ಇಲ್ಲ, ಅದರಿಂದ ಯಾರ ಚಿತ್ತವೂ ಶುದ್ಧಿಯಾಗದು.

ಇನ್ನೊಂದು ಆಕ್ಷೇಪ ವಿದ್ವಾಂಸರದು. ಪ್ರತಿ ಶಾಸ್ತ್ರಕ್ಕೂ ತನ್ನದೇ ಪರಿಭಾಷೆ ಇದೆ, ಅದನ್ನು ಕಲಿಯುವುದೂ ಶಿಕ್ಷಣ. ಮಕ್ಕಳ ಮಾತನ್ನೇ ಸೂಚಿಗೆ ತುಂಬಿದರೆ ಅವರು ಹಾರುವ ಓತಿಯಲ್ಲೇ ಉಳಿದು ಸರೀಸೃಪ ಎಂಬ ವರ್ಗಕ್ಕೆ ಏರುವುದೇ ಇಲ್ಲ, ಜೊತೆಗೆ ಸೂಚಿ ಕಂಡಕಂಡವರ ಪದಗಳ ಸಂತೆಯಾಗುತ್ತದೆ ಎಂಬುದು ಅವರ ಅಂಜಿಕೆ. ಅಂಜಿಕೆಯ ಎರಡನೆಯ ಅರ್ಧ ನ್ಯಾಯವಾದದ್ದು. ಅಂಕೆಯಿಲ್ಲದೆ ಪದ ಸುರಿದರೆ ‘ಹಾವು’ ಎಂದು ಹುಡುಕಿದವನಿಗೆ ಹಾವಿನ ಉಪಮೆ ಇರುವ ಕಾವ್ಯಗಳೆಲ್ಲ ಎದುರಾಗುತ್ತವೆ. ಅದಕ್ಕೆ ಮದ್ದು ಗ್ರಂಥಾಲಯ ಶಾಸ್ತ್ರದಲ್ಲೇ ಇದೆ, ‘ಇಲ್ಲಿ ನೋಡಿ’ ಎಂಬ ಅಡ್ಡಸೂಚನೆ. ಅಧಿಕೃತ ಪದ ಒಂದೇ ಇರಲಿ, ಆದರೆ ಆಡುಮಾತಿನ ಎಲ್ಲ ಹಾದಿಗಳೂ ಅದಕ್ಕೆ ಬಂದು ಸೇರಲಿ. ಮಗು ಓತಿ ಎಂದು ಬರೆದರೆ ಪುಸ್ತಕದ ಜೊತೆಗೆ ‘ಸರೀಸೃಪಗಳು’ ಎಂಬ ಶೀರ್ಷಿಕೆಯೂ ಕಾಣಲಿ. ಪರಿಭಾಷೆ ಆಗ ಮಗುವಿಗೆ ಉತ್ತರದ ಜೊತೆ ಬರುತ್ತದೆ, ಪ್ರವೇಶಕ್ಕೆ ತೆರಬೇಕಾದ ಸುಂಕವಾಗಿ ಅಲ್ಲ. ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕಟ್ಟುವಾಗಲೇ ಕನ್ನಡದ ಮಗುವಿಗೆ ಜಗತ್ತಿನ ತಿಳಿವನ್ನು ಅದರ ಮಾತಿನಲ್ಲೇ ಹೇಳಬಹುದೆಂದು ತೋರಿಸಿದ್ದಾರೆ. ಅದರಿಂದ ವಿಜ್ಞಾನದ ಘನತೆ ಕುಂದಲಿಲ್ಲ.

ಕೈಯಲ್ಲಿ ಫೋನಿರುವಾಗ ಈ ಸೂಚಿಯ ಗೋಜೇ ಯಾಕೆ, ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಆಯಿತಲ್ಲ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಫೋನು ಜಗತ್ತಿನಲ್ಲಿ ಏನಿದೆ ಎಂದು ಹೇಳೀತು, ಈ ಶಾಲೆಯ ಎರಡನೇ ಬೀರುವಿನ ಮೂರನೇ ಅರೆಯಲ್ಲಿ ಏನಿದೆ ಎಂದು ಅದಕ್ಕೆ ಯಾರಾದರೂ ಹೇಳಿಕೊಟ್ಟಿರಬೇಕು. ಹೇಳಿಕೊಡುವ ಆ ಕೆಲಸದ ಹೆಸರೇ ಸೂಚಿ. ಫೋನಿನ ಉತ್ತರ ಒಂದೇ ಆಗಿ, ಖಚಿತವಾಗಿ ಬರುತ್ತದೆ ಎಂಬುದೂ ಯೋಚಿಸಬೇಕಾದ ಸಂಗತಿ. ಒಳ್ಳೆಯ ಸೂಚಿ ಕಾಯಕದ ಬಗ್ಗೆ ಕೇಳಿದವನ ಮುಂದೆ ವಚನವನ್ನೂ ಚರಿತ್ರೆಯನ್ನೂ ನಾಟಕವನ್ನೂ ಇಟ್ಟು ಸುಮ್ಮನಾಗುತ್ತದೆ, ಆರಿಸುವುದು ಕೇಳಿದವನ ಪಾಲಿನ ಕೆಲಸ.

ಇನ್ನೂರು ಮುನ್ನೂರು ಪುಸ್ತಕಗಳಿರುವ ಶಾಲೆಗೆ ಸೂಚಿ ಬೇಕೇ, ಮೇಷ್ಟ್ರಿಗೆ ಎಲ್ಲ ನೆನಪಿರುತ್ತದಲ್ಲ ಎಂಬ ಮಾತು ಸಭ್ಯವಾಗಿ ಕೇಳಿಸುತ್ತದೆ, ಆದರೆ ಆ ನೆನಪು ಮೇಷ್ಟ್ರ ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಮೇಷ್ಟ್ರನ್ನು ಕೇಳಲು ಧೈರ್ಯವಿರುವ ಮಗು ಸಾಮಾನ್ಯವಾಗಿ ಮುಂದಿನ ಬೆಂಚಿನದು. ಹಿಂದಿನ ಬೆಂಚಿನವರು, ದೇಹದ ಬಗ್ಗೆ, ಜಾತಿಯ ಬಗ್ಗೆ, ಮನೆಯ ಕುಡಿತದ ಬಗ್ಗೆ ಯಾರನ್ನೂ ಬಾಯಿಬಿಟ್ಟು ಕೇಳಲಾಗದವರು ಮುಖ ನೋಡದ ಸೂಚಿಯನ್ನೇ ಕೇಳಬೇಕು. ಸೂಚಿ ಅವರ ಮಾತನ್ನು ಅರಿಯದಿದ್ದರೆ ಅವರಿಗೆ ಗ್ರಂಥಾಲಯವೇ ಇಲ್ಲ. ಆದರೂ ಪುಸ್ತಕವನ್ನು ಕಾಪಾಡಿಟ್ಟರೆ ಸಾಕು ಎನ್ನುವವರಿದ್ದಾರೆ, ಪುಸ್ತಕಗಳನ್ನು ಪೂಜೆಗೆ ಇಡುವ ನಾಡು ನಮ್ಮದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಜೈನರ ಪವಿತ್ರ ಧವಲ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಿದ್ದರಿಂದಲೇ ಅವು ಉಳಿದವು. ಅವು ನಕಲಾಗಿ, ಇಪ್ಪತ್ತನೇ ಶತಮಾನದಲ್ಲಿ ಅಚ್ಚಾದ ಮೇಲೆಯೇ ಹೊರಗಿನವರ ಓದಿಗೆ ಬಂದದ್ದು. ಕಾಪಾಡುವುದು ಅರ್ಧ ಕೆಲಸ ಮಾತ್ರ ಎಂದಾಗ ಬಸದಿ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಬೇಕಿಲ್ಲ, ತಾಳೆಗರಿಗೆ ಅಂಥ ಕಾವಲು ಬೇಕಿತ್ತು. ಬೆಲೆ ನೂರಿಪ್ಪತ್ತು ರೂಪಾಯಿಯ ಕತೆಪುಸ್ತಕಕ್ಕೆ ಬೇಕಿಲ್ಲ.

ಆದ್ದರಿಂದ ಶಾಲೆಗಳಿಗೆ ಒಂದು ವಿನಂತಿ. ಹೊಸ ತಂತ್ರಾಂಶಕ್ಕೆ, ಅನುದಾನಕ್ಕೆ ಕಾಯಬೇಡಿ. ಮಕ್ಕಳು ಪುಸ್ತಕ ಕೇಳುವಾಗ ಬಳಸುವ ಮಾತನ್ನು ಅವರ ಕಾಗುಣಿತದಲ್ಲೇ ಒಂದು ವರ್ಷ ಬರೆದಿಡಿ, ಸಿಗದೆ ಹೋದ ಹುಡುಕಾಟಗಳನ್ನೂ ಬರೆದಿಡಿ. ಪುಸ್ತಕ ಹಿಂತಿರುಗಿಸಲು ಬಂದ ಮಗುವನ್ನು ಇದು ಯಾವುದರ ಬಗ್ಗೆ, ಯಾರು ಓದಬೇಕು ಎಂದು ಎರಡು ಮಾತು ಕೇಳಿ, ಬಂದ ಉತ್ತರವನ್ನು ದಾಖಲೆಯ ಆ ಖಾಲಿ ಅಂಕಣದಲ್ಲಿ ಸೇರಿಸಿ. ಕಂಪ್ಯೂಟರಿಲ್ಲದ ಶಾಲೆಯಲ್ಲಿ ದಾಸ್ತಾನು ವಹಿಯ ಬಲಬದಿಗೆ ಇನ್ನೊಂದು ಗೆರೆ ಎಳೆದರೂ ನಡೆಯುತ್ತದೆ.